ಅಂಗಳದ ಟ್ರ್ಯಾಕ್ಟರಿಗೆ ಕ್ಯಾಮೆರಾದ ಕಾವಲು

ಮುದಗಲ್ ಕಡೆ ಹೊಸ ಟ್ರ್ಯಾಕ್ಟರ್ ಅಂಗಳಕ್ಕೆ ಬಂತೆಂದರೆ ಮೊದಲು ಪೂಜೆ, ಆಮೇಲೆ ಕ್ಯಾಮೆರಾ. ಬಾನೆಟ್ಟಿಗೆ ಚೆಂಡುಹೂವಿನ ಹಾರ ಬೀಳುತ್ತದೆ, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಯುತ್ತದೆ, ವಾರದೊಳಗೆ ಬಾಗಿಲ ಮೇಲೆ ಬಿಳಿ ಡಬ್ಬಿಯಂಥದ್ದೊಂದು ಕೂತು ಅಂಗಳದತ್ತ ನೋಡತೊಡಗುತ್ತದೆ. ಅಲ್ಲಿಗೆ ಗಾಡಿಯ ಚಿಂತೆ ಮುಗಿಯಿತು ಎಂಬುದು ಈಗ ಊರೆಲ್ಲ ಒಪ್ಪಿಕೊಂಡ ಮಾತು. ಯಾರನ್ನಾದರೂ ಕೇಳಿ ನೋಡಿ: "ಕ್ಯಾಮೆರಾ ಐತ್ರಿ, ಜಿಪಿಎಸ್ ಹಾಕ್ಸೀನಿ, ಇನ್ಶೂರೆನ್ಸ್ ತುಂಬೀನಿ. ಇನ್ನೇನ್ ಬೇಕ್ರಿ?" ಎನ್ನುತ್ತಾರೆ.

ನನ್ನ ತಕರಾರು ಇರುವುದು ಈ "ಇನ್ನೇನ್ ಬೇಕ್ರಿ" ಎಂಬುದರ ಮೇಲೆ. ಹೇಳಿದ ಮೂರೂ ಕಳ್ಳತನ ನಡೆದ ಮೇಲೆ ಕೆಲಸಕ್ಕೆ ಬರುವಂಥವು. ಗಾಡಿ ಹೇಗೆ ಹೋಯಿತೆಂದು ಕ್ಯಾಮೆರಾ ತೋರಿಸುತ್ತದೆ, ಎತ್ತ ಹೋಯಿತೆಂದು ಜಿಪಿಎಸ್ ಹೇಳುತ್ತದೆ, ಹೋದದ್ದಕ್ಕೆ ಒಂದಿಷ್ಟು ರೊಕ್ಕ ಕೊಡುತ್ತೇನೆಂದು ವಿಮೆ ಮಾತು ಕೊಡುತ್ತದೆ. ಗಾಡಿ ಅಂಗಳ ದಾಟದಂತೆ ಹಿಡಿಯುವುದು ಇವುಗಳ ಕೆಲಸವೇ ಅಲ್ಲ. ಆ ಕೆಲಸಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಯಾರೂ ಏನೂ ಮಾಡಿರುವುದಿಲ್ಲ. ಏಳೆಂಟು ಲಕ್ಷದ ಯಂತ್ರದ ಪಕ್ಕ ಒಂದು ಸರಪಣಿ ಕೂಡ ಇರುವುದಿಲ್ಲ.

ಹೊರದೇಶಗಳಲ್ಲಿ ಈ ಚಿಂತೆ ಮೋಟಾರ್‌ಹೋಮ್ ಇರುವವರದು. ಒಳಗೆ ಹಾಸಿಗೆ, ಒಲೆ, ಸಂಡಾಸು ಎಲ್ಲ ಇರುವ ಬಸ್ಸಿನಂಥ ಗಾಡಿ ವರ್ಷದಲ್ಲಿ ಕೆಲವೇ ವಾರ ಓಡುತ್ತದೆ, ಉಳಿದ ದಿನ ಮನೆ ಮುಂದೆ ನಿಂತಿರುತ್ತದೆ. ನಮ್ಮಲ್ಲಿ ಸಿನಿಮಾ ನಟರ ವ್ಯಾನಿಟಿ ವ್ಯಾನ್ ಬಿಟ್ಟರೆ, ಪ್ರವಾಸೋದ್ಯಮದವರು ಓಡಿಸಹೊರಟ ಕೆಲವು ಕ್ಯಾರವಾನ್ ಬಿಟ್ಟರೆ ಅಂಥದ್ದು ಕಾಣುವುದಿಲ್ಲ. ಆದರೆ ಬೆಲೆ ಬಹಳ, ಓಡಾಟ ಕಡಿಮೆ, ಯಾವ ತಿಂಗಳು ನಿಂತಿರುತ್ತದೆಂದು ಊರಿಗೆಲ್ಲ ಗೊತ್ತು ಎಂಬ ಲೆಕ್ಕಕ್ಕೆ ಸರಿಯಾಗಿ ಹೊಂದುವ ಗಾಡಿ ನಮ್ಮಲ್ಲೂ ಇದೆ. ಸಿಂಧನೂರಿನ ಭತ್ತದ ಸೀಮೆಯಲ್ಲಿ ಅದು ಕೊಯ್ಲಿನ ಹಾರ್ವೆಸ್ಟರ್. ಮಸ್ಕಿ, ಲಿಂಗಸುಗೂರು, ಮುದಗಲ್ಲಿನ ಒಣಬೇಸಾಯದ ಓಣಿಗಳಲ್ಲಿ ಅದು ಟ್ರ್ಯಾಕ್ಟರ್ ಮತ್ತು ಅದರ ಟ್ರಾಲಿ. ತುಂಗಭದ್ರೆಯ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರಿಲ್ಲ ಎಂದ ವರ್ಷ ಹಾರ್ವೆಸ್ಟರುಗಳು ತಗಡಿನ ಶೆಡ್ಡಿನಡಿ ತಿಂಗಳುಗಟ್ಟಲೆ ನಿಂತಿರುತ್ತವೆ. ಮುದಗಲ್ಲಿನಲ್ಲಿ ತೊಗರಿ ರಾಶಿ ಮುಗಿದ ಮೇಲೆ ಟ್ರಾಲಿಗಳು ಬೇವಿನ ಮರದಡಿ ಮೂತಿ ಊರಿ ಕೂರುತ್ತವೆ.

ಟ್ರ್ಯಾಕ್ಟರನ್ನು ಯಾರು ಕದಿಯುತ್ತಾರೆ, ಅಷ್ಟು ದೊಡ್ಡದು, ಅಷ್ಟು ಸದ್ದು ಮಾಡುವುದು ಎಂಬ ಮಾತೊಂದಿದೆ. ಯಂತ್ರವನ್ನು ಹತ್ತಿರದಿಂದ ನೋಡಿದವರು ಹೀಗೆ ಹೇಳಲಾರರು. ಹೆಚ್ಚಿನವಕ್ಕೆ ಬಾಗಿಲಿಲ್ಲ, ಗಾಜಿಲ್ಲ, ಸ್ಟೀರಿಂಗ್ ಲಾಕ್ ಇಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಒಂದರ ಚಾವಿ ಅದೇ ಕಂಪನಿಯ ಇನ್ನೊಂದಕ್ಕೂ ಬೀಳುವುದು ಪ್ರತಿ ಡ್ರೈವರನಿಗೂ ಗೊತ್ತಿರುವ ಸಂಗತಿ. ಚಾವಿ ಕಳೆದರೆ ಪಕ್ಕದ ಹೊಲದವರದನ್ನು ತಂದು ಚಾಲು ಮಾಡುವುದು ನಿತ್ಯದ ವ್ಯವಹಾರ. ಇನ್ನೂ ಮುಖ್ಯವಾದದ್ದು, ಹಳೆಯ ಡೀಸೆಲ್ ಎಂಜಿನ್ನಿಗೆ ಒಮ್ಮೆ ತಿರುಗತೊಡಗಿದ ಮೇಲೆ ಕರೆಂಟಿನ ಹಂಗೇ ಇಲ್ಲ. ಪಂಪು ಡೀಸೆಲ್ ಒತ್ತುತ್ತದೆ, ಒತ್ತಡದ ಬಿಸಿಗೆ ಅದು ಉರಿಯುತ್ತದೆ. ಬ್ಯಾಟರಿ ಬಿಚ್ಚಿಟ್ಟರೂ ಇಳಿಜಾರಿನಲ್ಲಿ ದಬ್ಬಿ ಗೇರಿಗೆ ಹಾಕಿದರೆ ಗಾಡಿ ಚಾಲು. ನಿಲ್ಲಿಸುವುದಕ್ಕೂ ಚಾವಿ ಬೇಡ, ಗುಂಡಿ ಜಗ್ಗಿ ಡೀಸೆಲ್ ನಿಲ್ಲಿಸಬೇಕು ಅಷ್ಟೆ. 2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ದೊಡ್ಡ ಗಾಡಿಗಳ ಎಂಜಿನ್ನಿನೊಳಗೆ ಎಲೆಕ್ಟ್ರಾನಿಕ್ಸ್ ಹೊಕ್ಕಿದೆ, ಅವುಗಳ ಲೆಕ್ಕ ಬೇರೆ. ನಮ್ಮ ಓಣಿಗಳಲ್ಲಿ ನಿಂತಿರುವುದರಲ್ಲಿ ಹೆಚ್ಚಿನವು ಅದಕ್ಕಿಂತ ಸಣ್ಣವು ಇಲ್ಲವೇ ಹಳೆಯವು.

ಹೀಗಾಗಿ ಚಾವಿ ಎನ್ನುವುದು ಟ್ರ್ಯಾಕ್ಟರಿನ ಮಟ್ಟಿಗೆ ಒಂದು ಶಿಷ್ಟಾಚಾರ. ಅದನ್ನೂ ನಾವು ಎಲ್ಲಿಡುತ್ತೇವೆ? ಪಡಸಾಲೆಯ ಬಾಗಿಲ ಪಕ್ಕದ ಮೊಳೆಗೆ, ಹೊರಗಿನಿಂದ ಕೈ ಹಾಕಿದರೆ ಸಿಗುವಷ್ಟು ಹತ್ತಿರ. ಕಂಪನಿ ಕೊಟ್ಟ ಎರಡನೇ ಚಾವಿಯೂ ಅದೇ ಗೊಂಚಲಿನಲ್ಲಿ. ಇದರ ಬೆಲೆ ಏನೆಂಬುದನ್ನು ವಿಮೆಯ ಮಾತು ಬಂದಾಗ ಹೇಳುತ್ತೇನೆ.

ಈಗ ಕ್ಯಾಮೆರಾ. ಅದರ ಪರವಾಗಿರುವ ಅತಿ ಗಟ್ಟಿ ಸಾಕ್ಷ್ಯವನ್ನೇ ಎತ್ತಿಕೊಳ್ಳೋಣ. ಎರಿಕ್ ಪೀಜಾ, ಬ್ರ್ಯಾಂಡನ್ ವೆಲ್ಶ್, ಡೇವಿಡ್ ಫ್ಯಾರಿಂಗ್ಟನ್ ಮೊದಲಾದ ಅಪರಾಧಶಾಸ್ತ್ರಜ್ಞರು 40 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ 2019ರಲ್ಲಿ ಪ್ರಕಟಿಸಿದರು. ಕ್ಯಾಮೆರಾ ಇದ್ದಲ್ಲಿ ಅಪರಾಧ ಸುಮಾರು ಶೇ 13ರಷ್ಟು ಇಳಿದಿತ್ತು. ಎಲ್ಲಕ್ಕಿಂತ ಸ್ಪಷ್ಟ ಪರಿಣಾಮ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲೇ. ಕ್ಯಾಮೆರಾ ಮಾರುವವರು ಇಲ್ಲಿಗೆ ಓದು ನಿಲ್ಲಿಸಿದರೆ ಅವರ ವ್ಯಾಪಾರಕ್ಕೆ ಒಳ್ಳೆಯದು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಚಿತ್ರವನ್ನು ಆ ಕ್ಷಣದಲ್ಲಿ ಒಬ್ಬರು ಕೂತು ನೋಡುತ್ತಿದ್ದಲ್ಲಿ, ಕ್ಯಾಮೆರಾದ ಜೊತೆಗೆ ಇತರ ಕ್ರಮಗಳೂ ಇದ್ದಲ್ಲಿ ಪರಿಣಾಮ ಹೆಚ್ಚು. ನಮ್ಮ ಮನೆಯ ಕ್ಯಾಮೆರಾವನ್ನು ರಾತ್ರಿ ಎರಡು ಗಂಟೆಗೆ ಯಾರು ನೋಡುತ್ತಾರೆ? ಟಿವಿ ಸ್ಟ್ಯಾಂಡಿನ ಕೆಳಗಿನ ರೆಕಾರ್ಡರ್ ನೋಡುತ್ತದೆ. ಮನೆ ಒಡೆಯುವವನಿಗೆ ಅದನ್ನೂ ಹೊತ್ತೊಯ್ಯಲು ಕಷ್ಟವಿಲ್ಲ.

ಇನ್ನು ಕರೆಂಟು. ಜೆಸ್ಕಾಂ ಕರೆಂಟು ಯಾವಾಗ ಹೋಗುತ್ತದೆಂದು ಮಳೆಗಾಲದಲ್ಲಿ ಯಾರೂ ಭಾಷೆ ಕೊಡಲಾರರು. ಹೊಲದ ಶೆಡ್ಡಿನಲ್ಲಿ ಪಂಪ್‌ಸೆಟ್ಟಿನ ಲೈನಿನಿಂದ ಕ್ಯಾಮೆರಾ ಓಡಿಸುವವರ ಪಾಡು ಇನ್ನೂ ಮೋಜಿನದು. ಇನ್ವರ್ಟರ್ ಇದೆ ಎನ್ನಬಹುದು. ಇನ್ವರ್ಟರಿನ ಬ್ಯಾಟರಿಯೂ ಕಳ್ಳನಿಗೆ ಬೇಕಾದ ವಸ್ತುವೇ. ಹೋಗಲಿ, ಎಲ್ಲ ಸರಿಯಾಗಿ ನಡೆದು ಚಿತ್ರ ಸಿಕ್ಕಿತೆನ್ನಿ. ಏನು ಕಾಣುತ್ತದೆ? ಮುಖಕ್ಕೆ ಟವೆಲ್ ಸುತ್ತಿದ ಇಬ್ಬರು, ಬೂದುಬಣ್ಣದ ಅಂಗಳ, ಹಿಂದೆ ಸರಿಯುವ ಟ್ರಾಲಿ. ಬೆಳಗಾದರೆ ಅದು ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಟ್ರಾಲಿ ಮಾತ್ರ ಬೇರೆ ಜಿಲ್ಲೆಯಲ್ಲಿ ಬೇರೆ ಬಣ್ಣ ಬಳಿಸಿಕೊಳ್ಳುತ್ತಿರುತ್ತದೆ. ಪೊಲೀಸರಿಗೆ ಆ ಚಿತ್ರ ಉಪಯೋಗವಿಲ್ಲವೆಂದಲ್ಲ, ಉಪಯೋಗವಿದೆ. ಅದು ಅವರ ತನಿಖೆಯ ಉಪಕರಣ, ನಮ್ಮ ಗಾಡಿಯ ಬೀಗವಲ್ಲ.

ಜಿಪಿಎಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರೊಳಗೊಂದು ಸಿಮ್ ಇದೆ, ಸಿಮ್ಮಿಗೆ ರೀಚಾರ್ಜ್ ಬೇಕು, ಮೊದಲ ವರ್ಷ ಅಂಗಡಿಯವನೇ ಹಾಕಿಕೊಟ್ಟಿರುತ್ತಾನೆ, ಎರಡನೇ ವರ್ಷ ಮರೆತುಹೋಗಿರುತ್ತದೆ. ಕೂರಿಸುವ ಜಾಗವೂ ಎಲ್ಲ ಗಾಡಿಯಲ್ಲಿ ಹೆಚ್ಚುಕಡಿಮೆ ಒಂದೇ, ಬ್ಯಾಟರಿಯಿಂದ ವೈರು ಹಿಡಿದು ಹೋದರೆ ಸಿಗುತ್ತದೆ. ಟ್ರಾಲಿಗೆ ಬ್ಯಾಟರಿಯೇ ಇಲ್ಲವಾದ್ದರಿಂದ ಅದಕ್ಕೆ ಜಿಪಿಎಸ್ ಹಾಕಿಸುವ ಯೋಚನೆ ಕೂಡ ಯಾರಿಗೂ ಬರುವುದಿಲ್ಲ.

ಈ ಸಾಧನಗಳ ಮೇಲೆ ನನಗೆ ಹಗೆಯಿಲ್ಲ. ಅವುಗಳ ಬೆಲೆ ಕಟ್ಟುವುದರಲ್ಲಿ ನಾನು ಒಂಟಿಯೂ ಅಲ್ಲ. ಕಳ್ಳತನದ ಮೇಲೆ ದಿನವೂ ರೊಕ್ಕ ಹೂಡಿ ಕೂತವರು ವಿಮಾ ಕಂಪನಿಯವರು. ಮಾನ್ಯತೆ ಪಡೆದ ಕಳ್ಳತನ ನಿರೋಧಕ ಸಾಧನ ಗಾಡಿಯಲ್ಲಿದ್ದರೆ ಎಷ್ಟು ರಿಯಾಯಿತಿ ಎಂದು ಭಾರತದ ಮೋಟಾರು ವಿಮಾ ದರಪಟ್ಟಿ ಬರೆದಿಟ್ಟಿದೆ: ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 2.5, ಅದೂ 500 ರೂಪಾಯಿ ಮೀರದಂತೆ. ಅಂಗಡಿಯವನು ಐದಾರು ಸಾವಿರಕ್ಕೆ ಮಾರುವ ಭರವಸೆಗೆ, ನಷ್ಟವನ್ನು ತಾನೇ ಹೊರಬೇಕಾದವನು ಕಟ್ಟಿದ ಬೆಲೆ ಇಷ್ಟು.

ಆದರೆ ವಿಮೆಯ ಮೇಲೆ ನಮ್ಮವರಿಗಿರುವ ನಂಬಿಕೆ ಕ್ಯಾಮೆರಾದ ಮೇಲಿನದಕ್ಕಿಂತ ಕುರುಡು. "ಇನ್ಶೂರೆನ್ಸ್ ಐತಿ" ಎಂದವರನ್ನು ಯಾವುದು ಎಂದು ಕೇಳಬೇಕು. ಸಾಲವಿರುವವರೆಗೆ ಬ್ಯಾಂಕು ಇಲ್ಲವೇ ಫೈನಾನ್ಸಿನವರು ಪೂರ್ತಿ ಪಾಲಿಸಿ ಮಾಡಿಸುತ್ತಾರೆ. ಸಾಲ ತೀರಿದ ವರ್ಷ ಕಾನೂನಿಗೆ ಬೇಕಾದಷ್ಟು ಸಾಕು ಎಂದು ಥರ್ಡ್ ಪಾರ್ಟಿಗೆ ಇಳಿಯುತ್ತೇವೆ. ಥರ್ಡ್ ಪಾರ್ಟಿ ಪಾಲಿಸಿ ನಮ್ಮ ಗಾಡಿಯಿಂದ ಇನ್ನೊಬ್ಬರಿಗಾದ ಹಾನಿಗೆ. ನಮ್ಮ ಗಾಡಿ ಕಳುವಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಟ್ರಾಲಿಯದು ಬೇರೆಯೇ ಕತೆ. ಅದು ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ವಾಹನ, ಅದರ ಹೆಸರು ಪಾಲಿಸಿಯಲ್ಲಿ ಬೇರೆಯಾಗಿ ಬಂದಿರಬೇಕು. ಎಂಜಿನ್ನಿಗೆ ವಿಮೆ ಇದ್ದ ಮಾತ್ರಕ್ಕೆ ಹಿಂದೆ ಕಟ್ಟಿದ್ದಕ್ಕೆಲ್ಲ ಇರುತ್ತದೆ ಎಂದುಕೊಳ್ಳುವುದು ನಮ್ಮ ಕಲ್ಪನೆ.

ಪೂರ್ತಿ ಪಾಲಿಸಿ ಇದ್ದರೂ ಕೈಗೆ ಬರುವುದು ಕೊಂಡ ಬೆಲೆಯಲ್ಲ, ಸವಕಳಿ ಕಳೆದ ಬೆಲೆ. ಆರು ತಿಂಗಳೊಳಗಿನ ಗಾಡಿಗೆ ಶೇ 5 ಕಳೆಯುತ್ತಾರೆ, ವರ್ಷದೊಳಗೆ ಶೇ 15, ಎರಡನೇ ವರ್ಷ 20, ಮೂರನೆಯದಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅದಾದ ಮೇಲೆ ಕಂಪನಿಯೂ ನೀವೂ ಕೂತು ಒಪ್ಪಿಕೊಂಡಷ್ಟು. ಸಾಲದ ಕಂತು ಮಾತ್ರ ಸವಕಳಿಯ ಲೆಕ್ಕ ನೋಡುವುದಿಲ್ಲ, ಗಾಡಿ ಇರಲಿ ಬಿಡಲಿ ಅದು ಬರುತ್ತಲೇ ಇರುತ್ತದೆ.

ಇಲ್ಲಿಗೆ ಆ ಎರಡನೇ ಚಾವಿ ಬರುತ್ತದೆ. ಕಳುವಿನ ಕ್ಲೇಮು ಹಾಕಿದಾಗ ಎರಡೂ ಅಸಲಿ ಚಾವಿ ತನ್ನಿ ಎಂದು ಕಂಪನಿ ಕೇಳುವುದು ವಾಡಿಕೆ. ಒಂದು ಇಲ್ಲವೆಂದರೆ ಅದು ಗಾಡಿಯಲ್ಲೇ ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಗಾಡಿಯನ್ನು ಕಾಪಾಡಿಕೊಳ್ಳಲು ಮಾಲೀಕ ತಕ್ಕ ಎಚ್ಚರ ವಹಿಸಬೇಕು ಎಂಬ ಷರತ್ತು ಪ್ರತಿ ಪಾಲಿಸಿಯಲ್ಲೂ ಇದೆ, ಯಾರೂ ಓದದ ಪುಟದಲ್ಲಿ. ಚಾವಿ ಗಾಡಿಯಲ್ಲೇ ಬಿಟ್ಟಿದ್ದಾಗ ಲಾರಿಯೊಂದು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಮಾಲೀಕನಿಗೆ ಶೇ 75 ಕೊಡಿಸಿತು. ಇದನ್ನು ಗೆಲುವು ಎನ್ನುವವರು ಕಾಲು ಭಾಗ ಎಲ್ಲಿ ಹೋಯಿತು, ಎಷ್ಟು ವರ್ಷ ಹಿಡಿಯಿತು ಎಂಬುದನ್ನೂ ಹೇಳಬೇಕು.

ಟ್ರ್ಯಾಕ್ಟರಿನದೇ ಒಂದು ಪ್ರಕರಣ ಇದೆ, ನಮ್ಮ ರೈತರಿಗೆ ಇನ್ನೂ ಹೆಚ್ಚು ಹತ್ತಿರದ್ದು. ಗುರ್‌ಶಿಂದರ್ ಸಿಂಗ್ ಎಂಬುವರ ಟ್ರ್ಯಾಕ್ಟರ್ 2010ರ ಅಕ್ಟೋಬರಿನಲ್ಲಿ ಕಳುವಾಯಿತು. ಅವರು ಅಂದೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದರು, ವಿಮಾ ಕಂಪನಿಗೆ ಮಾತ್ರ 52 ದಿನ ತಡವಾಗಿ ತಿಳಿಸಿದರು. ತಡವಾಯಿತೆಂದು ಕಂಪನಿ ಕ್ಲೇಮು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ತೀರ್ಪು ಕೊಟ್ಟಿತು: ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಳವು ನಿಜವೆಂದು ಕಂಡುಬಂದಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ. ಬಹಳ ಒಳ್ಳೆಯ ತೀರ್ಪು. ಟ್ರ್ಯಾಕ್ಟರ್ ಹೋದದ್ದು 2010ರಲ್ಲಿ, ನ್ಯಾಯ ಬಂದದ್ದು 2020ರಲ್ಲಿ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಬೇಕು. ನಮ್ಮವರು ಮಾಡುವುದು ಇದಕ್ಕೆ ಉಲ್ಟಾ. ಮೊದಲೆರಡು ದಿನ ಬೀಗರಿಗೆ ಫೋನು, ಪೂಜಾರಿಯಲ್ಲಿ ಪ್ರಶ್ನೆ, ಸುತ್ತಲ ಊರುಗಳಲ್ಲಿ ಹುಡುಕಾಟ, ಮೂರನೇ ದಿನ ಠಾಣೆ. ಆ ತೀರ್ಪಿನ ಆಸರೆ ಸಿಗುವುದು ಅಂದೇ ಠಾಣೆಯ ಮೆಟ್ಟಿಲು ಹತ್ತಿದವರಿಗೆ.

ಇನ್ನೊಂದು ನಂಬಿಕೆ ಗೋಡೆಯದು. ಸ್ವಲ್ಪ ರೊಕ್ಕ ಕೂಡಿತೆಂದರೆ ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಒಳಗೇನಿದೆ ಎಂದು ಕಾಣದಂಥ ತಗಡಿನ ಗೇಟು. ಒಳಗಿನದು ಹೊರಗಿನವರಿಗೆ ಕಾಣುವುದಿಲ್ಲ, ನಿಜ. ಒಮ್ಮೆ ಗೋಡೆ ಹಾರಿ ಒಳಗಿಳಿದವನೂ ಹೊರಗಿನವರಿಗೆ ಕಾಣುವುದಿಲ್ಲ. ಬೋಲ್ಟು ಬಿಚ್ಚಲು, ಡೀಸೆಲ್ ಎಳೆಯಲು ಅವನಿಗೆ ಬೇಕಾದ ಮರೆಯನ್ನು ನಾವೇ ಕಟ್ಟಿಕೊಟ್ಟಿರುತ್ತೇವೆ. ಗೋಡೆಯ ವಿಚಾರದಲ್ಲಿ ಮುದಗಲ್ಲಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಊರಿನ ಕೋಟೆಗೆ ಅಗಲವಾದ ಕಂದಕ, ಒಂದರ ಹಿಂದೊಂದು ಗೋಡೆ, ಸಾಲು ಕೊತ್ತಳಗಳಿವೆ. ಆದರೂ ಬಹಮನಿಯವರು, ವಿಜಯನಗರದವರು, ಬಿಜಾಪುರದವರು ಅದನ್ನು ಒಬ್ಬರ ಕೈಯಿಂದೊಬ್ಬರು ಕಿತ್ತುಕೊಳ್ಳುತ್ತಲೇ ಇದ್ದರು. ಆ ಕೋಟೆ ಕಟ್ಟಿದವರ ಜಾಣತನ ಕಾಣಬೇಕಾದರೆ ಗೋಡೆಯ ದಪ್ಪ ಅಳೆಯುವುದನ್ನು ಬಿಟ್ಟು ಫತ್ತೆ ದರವಾಜೆಯಲ್ಲಿ ನಡೆದು ನೋಡಬೇಕು. ಬಾಗಿಲಿಗೆ ನೇರವಾಗಿ ನುಗ್ಗಲು ದಾರಿಯಿಲ್ಲ. ಮುಂದೊಂದು ಗೋಡೆ ಅಡ್ಡ ಬರುತ್ತದೆ, ಇಕ್ಕಟ್ಟಾದ ಅಂಗಳದಲ್ಲಿ ತಿರುಗಬೇಕು, ತಿರುಗುವಷ್ಟು ಹೊತ್ತೂ ಮೇಲಿನವರ ಕಣ್ಣಿಗೆ ಬಿದ್ದಿರಬೇಕು. ಬಾಗಿಲ ಬಳಿ ಕಾವಲಿನವರಿಗೆ ಕೋಣೆ, ನಗಾರಿಗೆ ಜಾಗ. ವೈರಿಗೆ ಹೊತ್ತು ಹಿಡಿಯುವಂತೆ ಮಾಡು, ಆ ಹೊತ್ತಿನಲ್ಲಿ ಸದ್ದಾಗುವಂತೆ, ಕಾಣುವಂತೆ ಮಾಡು ಎಂಬುದೇ ಅಲ್ಲಿಯ ಲೆಕ್ಕಾಚಾರ.

ಅಂಗಳದ ಗಾಡಿಗೂ ಅದೇ ಲೆಕ್ಕ ಹೊಂದುತ್ತದೆ, ಮತ್ತು ಅದಕ್ಕೆ ಖರ್ಚು ಬಹಳ ಕಡಿಮೆ. ಹಳೆಯ ಡ್ರೈವರುಗಳಿಗೆ ಗೊತ್ತಿರುವ ಒಂದು ಉಪಾಯ ಹೇಳುತ್ತೇನೆ. ಡೀಸೆಲ್ ಟ್ಯಾಂಕಿನ ಕೆಳಗೆ, ಫಿಲ್ಟರಿಗೆ ಪೈಪು ಹೋಗುವಲ್ಲಿ, ಕೈಯಲ್ಲಿ ತಿರುಗಿಸುವ ಸಣ್ಣ ಕಾಕ್ ಇರುತ್ತದೆ. ದೂಳು, ಎಣ್ಣೆ ಮೆತ್ತಿ ಅದೊಂದು ಇದೆಯೆಂಬುದೇ ಮರೆತುಹೋಗಿರುತ್ತದೆ. ರಾತ್ರಿ ಅದನ್ನು ಮುಚ್ಚಿ ಮಲಗಿದರೆ ಗಾಡಿ ಚಾಲು ಆಗುತ್ತದೆ, ಆದರೆ ಪೈಪಿನಲ್ಲಿ ಮತ್ತು ಫಿಲ್ಟರಿನಲ್ಲಿ ಉಳಿದ ಡೀಸೆಲ್ ಮುಗಿಯುವವರೆಗೆ ಮಾತ್ರ. ಅಂಗಳ ದಾಟಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಎಂಜಿನ್ ಉಬ್ಬಸ ಹತ್ತಿದಂತೆ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಕಾಕ್ ಹುಡುಕಿ ತೆರೆದರೂ ಉಪಯೋಗವಿಲ್ಲ, ಪೈಪಿನೊಳಗೆ ಏರ್ ಹೊಕ್ಕಿರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಕಾದು, ಸ್ಕ್ರೂ ಬಿಗಿಯಬೇಕು. ನುರಿತವನಿಗೂ ಬೆಳಕು ಬೇಕು, ಪಾನಾ ಬೇಕು, ಹೊತ್ತು ಬೇಕು. ನಡುರಾತ್ರಿ ನಡುಬೀದಿಯಲ್ಲಿ, ಎದ್ದು ಬೊಗಳುವ ನಾಯಿಗಳ ನಡುವೆ, ಕಳ್ಳನಿಗೆ ಸಿಗದಿರುವುದು ಹೊತ್ತು ಒಂದೇ. ಬೆಳಿಗ್ಗೆ ಕಾಕ್ ತೆರೆಯುವುದನ್ನು ಮರೆತ ದಿನ ಮಾಲೀಕನಿಗೂ ಇದೇ ಪಾಡು, ಡ್ರೈವರನಿಂದ ಬೈಗುಳ ಬೇರೆ. ಆ ಬೈಗುಳ ಜಿಪಿಎಸ್‌ಗಿಂತ ಅಗ್ಗ.

ಟ್ರಾಲಿಗೆ ಇಷ್ಟೂ ಬೇಡ. ಅದನ್ನು ಒಯ್ಯಲು ಬೇಕಾದದ್ದು ಇನ್ನೊಂದು ಟ್ರ್ಯಾಕ್ಟರ್ ಮತ್ತು ಹೆಬ್ಬೆರಳು ಗಾತ್ರದ ಒಂದು ಪಿನ್ನು. ಚಾವಿ ಬೇಕಿಲ್ಲ, ಹಿಂದೆ ಟ್ರಾಲಿ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರನ್ನು ನಮ್ಮ ರಸ್ತೆಯಲ್ಲಿ ಯಾರೂ ತಿರುಗಿ ನೋಡುವುದೂ ಇಲ್ಲ. ಆದ್ದರಿಂದ ಗಾಡಿ ನಿಲ್ಲಿಸುವ ಕ್ರಮವನ್ನೇ ತಿರುವಿಹಾಕಬೇಕು. ಟ್ರಾಲಿಯ ಮೂತಿ ಗೋಡೆಯ ಕಡೆಗಿರಲಿ, ಟ್ರ್ಯಾಕ್ಟರ್ ಅದರ ಹಿಂದೆ ಅಡ್ಡ ನಿಲ್ಲಲಿ, ಎರಡರ ಗಾಲಿಗಳ ನಡುವೆ ಒಂದೇ ಸರಪಣಿ ಹಾಯಲಿ. ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಒಂದು ಗಾಲಿ ಬಿಚ್ಚಿ ಒಳಗಿಡಲಿ. ಬ್ರಿಟನ್ನಿನಲ್ಲಿ ಕ್ಯಾರವಾನಿನ ಗಾಲಿಗೂ ಕೊಂಡಿಗೂ ಹಾಕುವ ಬೀಗಗಳಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಅಲ್ಲಿ ಎಂಜಿನ್ ಇಲ್ಲದ ಕ್ಯಾರವಾನುಗಳಿಗೆಂದೇ 1992ರಿಂದ ಒಂದು ನೋಂದಣಿ ವ್ಯವಸ್ಥೆ ನಡೆದುಬಂದಿದೆ, ಒಂದೊಂದಕ್ಕೂ ಗುರುತಿನ ಸಂಖ್ಯೆ, ಅದನ್ನು ಕಿಟಕಿ ಗಾಜುಗಳ ಮೇಲೆ ಕೊರೆದಿರುತ್ತಾರೆ. ಕದ್ದವನಿಗೆ ಗಾಜು ಬದಲಿಸುವುದು ಬಣ್ಣ ಬಳಿದಷ್ಟು ಸುಲಭವಲ್ಲ. ನಮ್ಮ ಟ್ರಾಲಿಯ ನಂಬರು ಹಿಂಬಾಗಿಲ ಮೇಲೆ ಬಣ್ಣದಲ್ಲಿ ಇದ್ದರೆ ಅದೇ ಪುಣ್ಯ. ದೇವರ ಹೆಸರು, ಹುಲಿಯ ಚಿತ್ರ, ಮಕ್ಕಳ ಹೆಸರು ಚೆಂದವಾಗಿ ಬರೆಸಿರುತ್ತೇವೆ, ಒಂದು ಡಬ್ಬಿ ಪೇಂಟಿಗೆ ಎಲ್ಲ ಅಳಿಯುತ್ತವೆ. ಬಳ್ಳಾರಿ ಕಡೆಯೋ ಹುಬ್ಬಳ್ಳಿ ಕಡೆಯೋ ಟ್ರಾಲಿ ಕಟ್ಟಿಸುವಾಗ ವೆಲ್ಡಿಂಗ್ ಮಾಡುವವನಿಗೇ ಹೇಳಿ ಚಾಸಿಯ ಒಳಮೈಯಲ್ಲಿ ಎರಡು ಮೂರು ಕಡೆ ನಂಬರನ್ನು ಕಬ್ಬಿಣದಲ್ಲೇ ಬರೆಸಿಕೊಂಡರೆ ಅದನ್ನು ಅಳಿಸಲು ಗ್ರೈಂಡರ್ ಬೇಕು, ಅಳಿಸಿದ ಗಾಯವೂ ಉಳಿಯುತ್ತದೆ.

ಕದಿಯುವವರು ಯಾರು ಎಂಬ ಪ್ರಶ್ನೆಗೆ ಊರಲ್ಲಿ ಸಿದ್ಧ ಉತ್ತರವಿದೆ: "ಹೊರಗಿನವ್ರು." ಗುಡಾರ ಹಾಕಿ ಕೂತ ಅಲೆಮಾರಿಗಳು, ಸುಗ್ಗಿಗೆ ಪಂಜಾಬಿನಿಂದಲೋ ತಮಿಳುನಾಡಿನಿಂದಲೋ ಬಂದ ಹಾರ್ವೆಸ್ಟರಿನ ಹುಡುಗರು, ಕುರಿ ಮೇಯಿಸಿಕೊಂಡು ಬಂದವರು. ಈ ಮಾತಿಗೆ ಹಳೆಯ ಬೇರಿದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾನೂನು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. 1952ರಲ್ಲಿ ಅದು ರದ್ದಾಯಿತು, ಊರಿನ ಬಾಯಿಯಿಂದ ಇನ್ನೂ ರದ್ದಾಗಿಲ್ಲ. ಮನೆಯನ್ನೇ ಬಂಡಿಯ ಮೇಲೆ ಹೊತ್ತು ತಿರುಗಿದವರನ್ನು ಕಂಡರೆ ಅನುಮಾನ, ಲಕ್ಷಾಂತರ ಸುರಿದು ಅಂಥದ್ದೇ ಮೋಟಾರು ಮನೆ ಕೊಂಡವರನ್ನು ಕಂಡರೆ ಪ್ರವಾಸೋದ್ಯಮ. ಇರಲಿ. ನ್ಯಾಯದ ಮಾತು ಬದಿಗಿಟ್ಟು ಬರೀ ವ್ಯವಹಾರದ ಮಾತಾಡಿದರೂ ಈ ಅನುಮಾನ ದಡ್ಡತನದ್ದು. ಚಾವಿ ಯಾವ ಮೊಳೆಗಿದೆ, ನಾಯಿ ಯಾರಿಗೆ ಬೊಗಳುವುದಿಲ್ಲ, ಕ್ಯಾಮೆರಾದ ಕಣ್ಣಿಗೆ ಯಾವ ಮೂಲೆ ಬೀಳುವುದಿಲ್ಲ, ಮನೆಯವರು ಯಾವತ್ತು ಮದುವೆಗೆ ಹೋಗುತ್ತಾರೆ ಎಂಬುದು ಗುಡಾರದವನಿಗೆ ಗೊತ್ತಿರುವುದಿಲ್ಲ. ಹೋದ ವರ್ಷ ಕೆಲಸ ಬಿಟ್ಟ ಡ್ರೈವರನಿಗೋ ರಿಪೇರಿಗೆ ಬಂದುಹೋದ ಮಿಸ್ತ್ರಿಯ ಜೊತೆಗಾರನಿಗೋ ಗೊತ್ತಿರಬಹುದು. ಅವರೆಲ್ಲ ಕಳ್ಳರೆಂದು ಹೇಳುತ್ತಿಲ್ಲ. ಕಣ್ಣನ್ನು ಗುಡಾರದ ಮೇಲಿಟ್ಟು ಕೂತವನು ತನ್ನ ಅಂಗಳದ ಸಡಿಲುಗಳನ್ನು ನೋಡುವುದಿಲ್ಲ ಎನ್ನುತ್ತಿದ್ದೇನೆ.

ಹಾಗಾದರೆ ಊರು ಏನು ಮಾಡಬೇಕು? ಇದಕ್ಕೊಂದು ಹಳೆಯ ಉತ್ತರ ನಮ್ಮ ಸೀಮೆಯಲ್ಲೇ ಬರೆದಿಟ್ಟದ್ದಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯ ಪ್ರಕಾರ ಊರಿನ ಎಲ್ಲೆಯೊಳಗೆ ಕಳುವಾದರೆ ಆ ಊರು ತುಂಬಿಕೊಡಬೇಕು, ಇಲ್ಲವೇ ಕಳ್ಳರ ಹೆಜ್ಜೆ ಯಾವ ಊರಿನ ಎಲ್ಲೆ ಹೊಕ್ಕಿತೋ ಆ ಊರು ತುಂಬಿಕೊಡಬೇಕು. ದನ ಕಳುವಾದರೆ ತಳವಾರ ಹೆಜ್ಜೆ ಹಿಡಿದು ಹೊರಡುತ್ತಿದ್ದುದು ಈ ಲೆಕ್ಕದಿಂದಲೇ, ಜಾಡನ್ನು ತನ್ನ ಸೀಮೆ ದಾಟಿಸಿದರೆ ಊರಿನ ಹೊಣೆ ಇಳಿಯುತ್ತಿತ್ತು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1961ರಲ್ಲಿ ಬಂದು ತಳವಾರಿಕೆ ಹೋಯಿತು, ಹೋದದ್ದು ಒಳ್ಳೆಯದೇ. ಒಂದು ಮನೆತನವನ್ನು ಹುಟ್ಟಿನಿಂದ ಕಾವಲಿಗೆ ಕಟ್ಟಿಹಾಕುವುದನ್ನು ಈಗ ಯಾರೂ ಬಯಸಬಾರದು. ಆದರೆ ಕಾವಲು ಅಂದರೆ ಊರಿನದು, ಒಬ್ಬೊಬ್ಬರು ಅಂಗಡಿಯಿಂದ ಕೊಂಡು ತರುವ ಸಾಮಾನಲ್ಲ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಹೋಗಬೇಕಿರಲಿಲ್ಲ.

ಬೇಸಿಗೆಯ ರಾತ್ರಿ ಹೊರಸು ಹೊರಗೆ ಹಾಕಿ ಮಲಗುತ್ತಿದ್ದ ಓಣಿಯಲ್ಲಿ ಟ್ರ್ಯಾಕ್ಟರ್ ಕದಿಯುವುದು ಕಷ್ಟವಿತ್ತು. ಯಾರೂ ಕಾವಲಿಗೆಂದು ಮಲಗುತ್ತಿರಲಿಲ್ಲ, ಸೆಕೆಗೆ ಮಲಗುತ್ತಿದ್ದರು. ಈಗ ಬಾಗಿಲು ಹಾಕಿ, ಕೂಲರ್ ಹಚ್ಚಿ ಮಲಗುತ್ತೇವೆ, ಕೂಲರಿನ ಗುಂಯ್‌ಗುಡುವಿಕೆಯಲ್ಲಿ ಎದುರಂಗಳದಲ್ಲಿ ಗಾಡಿ ಚಾಲು ಆದದ್ದೂ ಕೇಳುವುದಿಲ್ಲ. ರಾಯಚೂರು ಜಿಲ್ಲೆಯ ಬಿಸಿಲು ಉಂಡವರಿಗೆ ಕೂಲರ್ ಬಿಡಿ ಎನ್ನುವುದು ಅಪಹಾಸ್ಯ. ಹಾಗೆ ನೋಡಿದರೆ ಊರಿಗೆ ಊರೇ ಎದ್ದಿರುವ ರಾತ್ರಿಯೂ ಕಾವಲಿನ ರಾತ್ರಿಯಲ್ಲ. ಮೊಹರಂನ ಕತ್ತಲ ರಾತ್ರಿ ಮುದಗಲ್ಲಿನ ಹುಸೇನಿ ಆಲಂ ನೋಡಲು ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ, ಯಾರೂ ಮಲಗಿರುವುದಿಲ್ಲ, ಆದರೆ ಎಲ್ಲರೂ ಒಂದೇ ಕಡೆ ಇರುತ್ತಾರೆ. ಹಿಂದಿನ ಓಣಿಗಳಲ್ಲಿ ಆ ರಾತ್ರಿ ಅಂಗಳ ಕಾಯಲು ಯಾರಿರುತ್ತಾರೆ?

ನನಗೆ ತೋಚುವ ದಾರಿ ಒಂದಿದೆ, ಜನ ಅದಕ್ಕೆ ಸುಲಭವಾಗಿ ಒಪ್ಪಲಾರರು. ಹಂಗಾಮಿಲ್ಲದ ತಿಂಗಳುಗಳಲ್ಲಿ ಹಾರ್ವೆಸ್ಟರು, ಟ್ರಾಲಿ, ರೋಟವೇಟರುಗಳನ್ನು ಮನೆ ಮುಂದೆ ನಿಲ್ಲಿಸುವುದನ್ನೇ ಬಿಡಬೇಕು. ಬ್ರಿಟನ್ನಿನಲ್ಲಿ ಕ್ಯಾರವಾನುಗಳನ್ನು ಹೀಗೆ ಒಟ್ಟಾಗಿ ಕಾಯುವ ಬಾಡಿಗೆ ಮೈದಾನಗಳಿವೆ, ಭದ್ರತೆಯ ಮಟ್ಟ ನೋಡಿ ಅವಕ್ಕೆ ದರ್ಜೆ ಕೊಡುತ್ತಾರೆ. ನಮ್ಮಲ್ಲೂ ನಾಲ್ಕು ಓಣಿಯ ಮಾಲೀಕರು ಕೂಡಿ ಒಂದು ಬಯಲು ಬಾಡಿಗೆಗೆ ಹಿಡಿದು, ತಂತಿಬೇಲಿ ಹಾಕಿ, ದೀಪ ಹಚ್ಚಿ, ರಾತ್ರಿ ಎಚ್ಚರ ಇರಲೆಂದೇ ಸಂಬಳ ಕೊಟ್ಟು ಇಬ್ಬರನ್ನು ಇಟ್ಟುಕೊಂಡರೆ, ಕ್ಯಾಮೆರಾಕ್ಕೂ ಆಗ ಮೊದಲ ಬಾರಿಗೆ ನೋಡುಗರು ಸಿಗುತ್ತಾರೆ. ಈ ಮಾತು ಎತ್ತಿದಾಗ ಬರುವ ಆಕ್ಷೇಪಣೆಗಳೂ ನನಗೆ ಗೊತ್ತು. "ನನ್ ಗಾಡಿ ನನ್ ಮನಿ ಮುಂದ ಇದ್ರ ಚೆಂದ ಕಾಣ್ತೈತಿ" ಎಂಬುದು ಒಂದು. ಅದು ಕಾವಲಿನ ಮಾತಲ್ಲ, ಪ್ರತಿಷ್ಠೆಯ ಮಾತು, ಅದರ ಜೊತೆ ವಾದವಿಲ್ಲ. ಕಾವಲಿನವನೇ ಕದ್ದರೆ ಎಂಬುದು ಇನ್ನೊಂದು. ಅದಕ್ಕೇ ಇಬ್ಬರು, ಮತ್ತು ಯಾರ ಗಾಡಿ ಯಾವಾಗ ಹೊರಗೆ ಹೋಯಿತೆಂದು ಬರೆದಿಡುವ ಒಂದು ಪುಸ್ತಕ. ಖರ್ಚು ಯಾರು ಹೊರುವುದು ಎಂಬ ಮೂರನೇ ಆಕ್ಷೇಪಣೆ ಗಟ್ಟಿಯದು. ನಾಲ್ಕು ಎಕರೆ ಒಣಭೂಮಿಯವನಿಗೆ ತಿಂಗಳಿಗೆ ನೂರಿನ್ನೂರು ಕೂಡ ಭಾರ. ಅಂಥವನಿಗೆ ಕಾಕ್ ಮುಚ್ಚುವುದು, ಎರಡನೇ ಚಾವಿಯನ್ನು ಟ್ರಂಕಿನ ತಳಕ್ಕೆ ಸೇರಿಸುವುದು, ಟ್ರಾಲಿಯ ಮೂತಿಯನ್ನು ಗೋಡೆಗೆ ತಿರುಗಿಸುವುದು ಇವತ್ತೇ ಆಗುವಂಥ ಕೆಲಸ. ಪಾಲಿಸಿಯ ಕಾಗದ ತೆಗೆದು ಅದರಲ್ಲಿ ಕಳವು ಎಂಬ ಮಾತು ಇದೆಯೇ, ಟ್ರಾಲಿಯ ನಂಬರು ಇದೆಯೇ ಎಂದು ಓದಬಲ್ಲ ಮಗಳೋ ಮಗನೋ ಈಗ ಬಹುತೇಕ ಪ್ರತಿ ಮನೆಯಲ್ಲೂ ಇದ್ದಾರೆ.